ನೀರಿಳಿದ ಬಾವಿಯ ಮೋಟರು

ಮಲ್ಲಿಕಸಾಬರನ್ನು ಒಳಗೆ ತಂದಾಗ ಅವರು ಸ್ಟ್ರೆಚರ್ ಮೇಲೆ ಎದ್ದು ಕೂತಿದ್ದರು. ತಂತಿಗಳನ್ನು ಎದೆಗೆ ಹಚ್ಚಿದೊಡನೆ ಮಾನಿಟರ್ ನಿಮಿಷಕ್ಕೆ ನೂರಾ ತೊಂಬತ್ತಾರು ಬಡಿತ ಎಂದು ತೋರಿಸಿತು. ಗರಗಸದ ಹಲ್ಲುಗಳಂಥ ಅಗಲ ಗೆರೆಗಳು. ಅಂಥ ಗೆರೆಗಳಿರುವ ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿರಬೇಕಿತ್ತು. ಇವರು ನರ್ಸ್ ಸೌಭಾಗ್ಯಳನ್ನು ಕಾಡಿಸುತ್ತಿದ್ದರು.

"ಎಷ್ಟ ಹುಡಕ್ತಿ ಯವ್ವಾ? ಅಲ್ಲಿ ಸಿಗೂದಿಲ್ಲ ಅದು. ಊರು ಬಿಟ್ಟು ಒಂದೂವರಿ ವರ್ಷ ಆತು."

ಸೌಭಾಗ್ಯ ನಮ್ಮ ಹೃದಯ ವಿಭಾಗಕ್ಕೆ ಬಂದು ಹತ್ತು ದಿನವಾಗಿತ್ತು. ಅವಳ ಮೂರು ಬೆರಳು ಅವರ ಮಣಿಕಟ್ಟಿನ ಮೇಲೆ ಅತ್ತಿತ್ತ ಸರಿಯುತ್ತಿದ್ದವು.

"ತರನ್ನುಮ ಅಕ್ಕಾ, ನಾಡಿ ಸಿಗವಲ್ದು," ಎಂದಳು.

"ಬಿಡು. ಇವರಿಗೆ ಪಂಪ್ ಐತಿ," ಎಂದೆ.

ಒಂದೂವರೆ ವರ್ಷದ ಹಿಂದೆ ದೊಡ್ಡ ಹೃದಯಾಘಾತವಾಗಿ ಅವರ ಹೃದಯದ ಎಡಭಾಗ ಕೆಲಸ ನಿಲ್ಲಿಸಿತ್ತು. ಬೆಂಗಳೂರಿನಲ್ಲಿ ಹೃದಯದ ತುದಿಗೆ ಮುಷ್ಟಿಗಾತ್ರದ ಪಂಪ್ ಕೂರಿಸಿದರು. ಹೊಟ್ಟೆಯಿಂದ ಒಂದು ಕೇಬಲ್ ಹೊರಬಂದು ಸೊಂಟದ ಪೆಟ್ಟಿಗೆಗೆ ಸೇರುತ್ತದೆ. ಹೆಗಲ ಚೀಲದಲ್ಲಿ ಎರಡು ಬ್ಯಾಟರಿ. ಈ ಪಂಪ್ ಬಡಿಯುವುದಿಲ್ಲ, ತಿರುಗುತ್ತದೆ. ರಕ್ತ ಕಾಲುವೆಯ ನೀರಿನಂತೆ ಒಂದೇ ಸಮ ಹರಿಯುತ್ತದೆ. ಹಾಗಾಗಿ ಕೈಯಲ್ಲಿ ನಾಡಿ ಸಿಗುವುದಿಲ್ಲ.

ಹೃದಯ ಹುಚ್ಚು ಹಿಡಿದಂತೆ ಓಡಿದರೂ ಇವರು ಮಾತಾಡುತ್ತ ಕೂತಿರುವುದು ಇದೇ ಕಾರಣಕ್ಕೆ. ಆದರೆ ಪಂಪ್ ಇರುವುದು ಎಡಕ್ಕೆ ಮಾತ್ರ. ಬಲಭಾಗ ತನ್ನ ಬಲದಿಂದಲೇ ರಕ್ತವನ್ನು ಎಡಕ್ಕೆ ದಾಟಿಸಬೇಕು. ಕೆಲವು ತಾಸು ಹೀಗೇ ಓಡಿದರೆ ಅದು ಸೋಲುತ್ತದೆ. ಆಮೇಲೆ ಎತ್ತಲು ಪಂಪಿಗೆ ಏನೂ ಇರುವುದಿಲ್ಲ.

ತಿಕೋಟಾ ಬಸ್‌ಸ್ಟ್ಯಾಂಡಿನ ಎದುರು ಮಲ್ಲಿಕಸಾಬರ ಮೋಟರ್ ವೈಂಡಿಂಗ್ ಅಂಗಡಿ. ಸ್ವಂತ ಊರು ಬಿಜ್ಜರಗಿ. ಹೊನವಾಡದಿಂದ ಬಬಲೇಶ್ವರದ ತನಕ ದ್ರಾಕ್ಷಿತೋಟದ ಬೋರಿನಲ್ಲಿ ಮೋಟರ್ ಸುಟ್ಟರೆ ಅದು ಇವರ ಮುಂದೆ ಬಂದು ಬೀಳುತ್ತದೆ. ಪಂಪಿನ ಜೊತೆಗೆ ಇವರ ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಶಾಕ್ ಕೊಡುವ ಇನ್ನೊಂದು ಚಿಕ್ಕ ಯಂತ್ರವಿದೆ. ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಮಾಡುವುದೂ ನನ್ನದೇ. ವಿಶ್ವವಿದ್ಯಾಲಯದಲ್ಲಿ ಅದನ್ನೇ ಓದಿದ್ದೇನೆ. ಮೂರು ತಿಂಗಳಿಗೊಮ್ಮೆ ಅವರು ಬರುತ್ತಿದ್ದರು. ಹೆಂಡತಿ ಚಾಂದಬಿ ಚೀಲ ಹಿಡಿದು ಹಿಂದೆ ಬರುತ್ತಿದ್ದರು.

ನನ್ನ ಗಂಡ ಆಫ್ತಾಬ ಬಬಲೇಶ್ವರದಲ್ಲಿ ಕಾಲೇಜು ಉಪನ್ಯಾಸಕರಾಗಿದ್ದರು. ಹದಿನಾಲ್ಕು ತಿಂಗಳ ಹಿಂದೆ ಅಲ್ಲಿ ಬಸ್ಸಿಗೆ ನಿಂತಾಗ ಅವರ ಹೃದಯಕ್ಕೆ ಇದೇ ಓಟ ಹಿಡಿದಿತ್ತು. ಅವರಿಗೆ ಪಂಪ್ ಇರಲಿಲ್ಲ, ಯಂತ್ರವೂ ಇರಲಿಲ್ಲ. ಬಿಸಿಲಿಗೆ ತಲೆ ತಿರುಗಿದೆ ಎಂದುಕೊಂಡು ಜನ ಮುಖಕ್ಕೆ ನೀರು ಚಿಮುಕಿಸಿದರು. ಹನ್ನೊಂದು ನಿಮಿಷ. ಅಷ್ಟರಲ್ಲಿ ಅವರು ಹೋಗಿದ್ದರು. ನಾನು ಇದೇ ವಾರ್ಡಿನಲ್ಲಿ ಬೇರೆಯವರ ಎಕೋ ಮಾಡುತ್ತಿದ್ದೆ. ಆಮೇಲಿನಿಂದ ನನ್ನ ಕೆಲಸದಲ್ಲಿ ಒಂದೂ ತಪ್ಪಾಗಿಲ್ಲ. ಇದರ ಬಗ್ಗೆ ಇಷ್ಟೇ.

ಡಾಕ್ಟರ್ ಚೇತನಕುಮಾರ ಬಂದರು. ಅವರಿಗೆ ನನ್ನದೇ ವಯಸ್ಸು. ಬೇಗ ನಡೆಯುತ್ತಾರೆ, ಬೇಗ ನಿರ್ಧರಿಸುತ್ತಾರೆ.

"ಯಾವಾಗಿಂದ ಮೇಸ್ತ್ರಿ?"

"ಮೂರೂವರಿಯಿಂದ್ರಿ. ತಲಿ ಗಿರ್ ಅಂತು. ಆಮ್ಯಾಲ ಕಾರನ್ಯಾಗ ಎದ್ಯಾಗಿನ ಮಷಿನ್ ಒದೀಲಿಕ್ಕೆ ಸುರು ಮಾಡ್ತು. ಎಮ್ಮಿ ಒದ್ದಂಗ್ರಿ. ಆರ ಸಲ. ತೊರವಿ ದಾಟಿದ ಮ್ಯಾಲ ಅದಕ್ಕೂ ಸಾಕಾತು ಅಂತ ಕಾಣ್ತೈತಿ, ಸುಮ್ಮಾತು."

ಶಾಕ್ ಯಂತ್ರ ಒಂದು ಸಲದ ಓಟಕ್ಕೆ ಆರು ಹೊಡೆತ ಮಾತ್ರ ಕೊಡುತ್ತದೆ. ಆರೂ ಕೊಟ್ಟಾಗಿತ್ತು. ಒಂದೂ ಫಲಿಸಿರಲಿಲ್ಲ.

ಚಾಂದಬಿ ನಡುವೆ ಬಂದರು. "ಅದಕ್ಕೂ ಮೊದಲ ನಾ ಹೇಳಿದ್ದೆನ್ರಿ ಡಾಕ್ಟರ. ಸಪ್ಪಳ ಬ್ಯಾರೆ ಐತಿ ಅಂದೆ. ನನ್ನ ಮಾತ ಯಾರ ಕೇಳ್ತಾರ?"

"ಯಾವ ಸಪ್ಪಳ?"

ಅವರು ಚೀಲದಿಂದ ಹಳದಿ ಹಿಡಿಕೆಯ ಉದ್ದ ಸ್ಕ್ರೂಡ್ರೈವರ್ ತೆಗೆದು ತೋರಿಸಿದರು. ಮೋಟರಿನ ಮೈಗೆ ಅದರ ತುದಿ ಇಟ್ಟು ಹಿಡಿಕೆಗೆ ಕಿವಿ ಕೊಟ್ಟರೆ ಒಳಗಿನ ದೋಷವೆಲ್ಲ ಕೇಳುತ್ತದೆ. ಮೇಸ್ತ್ರಿಗಳು ಹಾಗೇ ನೋಡುತ್ತಾರೆ. ಮಲ್ಲಿಕಸಾಬರು ಅದನ್ನು ಹೆಂಡತಿಗೆ ಕಲಿಸಿದ್ದರು. ಚಾಂದಬಿ ದಿನಕ್ಕೆರಡು ಸಲ ಗಂಡನ ಎದೆಗೆ ಸ್ಕ್ರೂಡ್ರೈವರ್ ಹಚ್ಚಿ ಕೇಳುತ್ತಿದ್ದರು.

"ದಿನಾ ಗುಂಯ್ ಅಂತೈತ್ರಿ, ಹುಳ ಅಂದಂಗ. ಈಗೊಂದ ವಾರದಿಂದ ಸಂಜೀಕ ಗರ್ ಗರ್ ಅಂತೈತಿ."

"ಸುಮ್ನ ಕುಂದ್ರ ಬೇ," ಎಂದರು ಮಲ್ಲಿಕಸಾಬ. "ಎರಡ ದಿನ ಕಿವಿ ಕೊಟ್ಟ ಮೇಸ್ತ್ರಿ ಆಗ್ಯಾಳ."

ಡಾಕ್ಟರ್ ಔಷಧದ ಬಾಟಲಿ ತೂಗುಹಾಕಿದರು. ಮಲ್ಲಿಕಸಾಬ ಕೈ ಹಿಂದಕ್ಕೆಳೆದುಕೊಂಡರು.

"ಸಾಹೇಬ್ರ, ಅದು ಔಷಧನೋ, ಬರೇ ನೀರೋ?"

"ಔಷಧ. ಓಟ ಕಡಿಮಿ ಮಾಡೂದು."

"ಹಂಗಿದ್ರ ಹಚ್ಚರಿ. ಬರೇ ನೀರಿಂದು ಬ್ಯಾಡ."

ವಿಚಿತ್ರ ಮಾತು ಎನ್ನಿಸಿತು. ಯೋಚಿಸಲು ವೇಳೆ ಇರಲಿಲ್ಲ.

ಔಷಧ ಅರ್ಧ ತಾಸು ಓಡಿತು. ನೂರಾ ತೊಂಬತ್ತಾರು ಇಳಿದು ನೂರಾ ಎಂಬತ್ತೆಂಟಾಯಿತು. ಅಲ್ಲಿಗೇ ನಿಂತಿತು. ನಾನು ಹೊರಗಿನಿಂದ ನಡೆಸುವ ಪ್ರೋಗ್ರಾಮರ್ ಉಪಕರಣ ತಂದು ಶಾಕ್ ಯಂತ್ರದ ಮೂಲಕ ಇನ್ನೊಂದು ಉಪಾಯ ಮಾಡಿ ನೋಡಿದೆ. ಓಡುತ್ತಿರುವ ಹೃದಯಕ್ಕಿಂತ ತುಸು ಹೆಚ್ಚು ವೇಗದಲ್ಲಿ ಎಂಟು ಸಣ್ಣ ಬಡಿತ ಕೊಟ್ಟು ಒಮ್ಮೆಲೇ ನಿಲ್ಲಿಸುವುದು. ಓಡುವ ಎತ್ತಿನ ಮುಂದೆ ಹೋಗಿ ಮೂಗುದಾರ ಹಿಡಿದಂತೆ. ಇದರಿಂದ ನೋವಾಗುವುದಿಲ್ಲ. ಮೂರು ಸಲ ಕೊಟ್ಟೆ. ಮೂರು ಸಲವೂ ಹೃದಯ ಕೈಗೆ ಸಿಗದೆ ಹಳೆಯ ಓಟಕ್ಕೇ ಮರಳಿತು.

ಸೊಂಟದ ಪೆಟ್ಟಿಗೆಯಲ್ಲಿ ರಕ್ತದ ಹರಿವು ನಿಮಿಷಕ್ಕೆ ಎರಡೂವರೆ ಲೀಟರಿಗೆ ಬಂದಿತ್ತು. ಇವರಿಗೆ ನಾಲ್ಕರ ಮೇಲೆ ಇರಬೇಕು.

ಡಾಕ್ಟರ್ ಬೆಂಗಳೂರಿಗೆ ಫೋನ್ ಮಾಡಿದರು. ಕರೆತನ್ನಿ, ಹೃದಯದೊಳಗೆ ಈ ಓಟ ಹುಟ್ಟುವ ಜಾಗವನ್ನು ಹುಡುಕಿ ಸುಡೋಣ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಆಂಬುಲೆನ್ಸ್ ಐದು ಗಂಟೆಗೆ ಸಿದ್ಧ. ಹತ್ತು ತಾಸಿನ ದಾರಿ.

ಡಾಕ್ಟರ್ ನನ್ನನ್ನು ಬಾಗಿಲ ಹತ್ತಿರ ಕರೆದರು.

"ಹರಿವು ಬೀಳಾಕತ್ತೈತಿ. ಬಲಗಡೆ ಸೋಲಾಕತ್ತೈತಿ ಅನಸ್ತೈತಿ ನನಗ. ನೀರು ಇಳಸೋ ಇಂಜೆಕ್ಷನ್ ಕೊಟ್ಟು ಕಳಸ್ತೀನಿ."

"ದಾರಿ ತಡೀತಾರ್ರಿ ಸರ್?"

ಅವರು ಇಂಜೆಕ್ಷನ್ ತುಂಬಿಸಲು ಹೋದರು.

ಬೆಂಗಳೂರಿಗೆ ಕಳಿಸಲು ಶಾಕ್ ಯಂತ್ರದ ದಾಖಲೆ ಬೇಕಿತ್ತು. ನಾನು ಅದನ್ನು ತೆಗೆಯುತ್ತ ನಿಂತೆ. ಕಳೆದ ಎಂಟು ದಿನಗಳಲ್ಲಿ ಈ ಓಟ ಹನ್ನೊಂದು ಸಲ ಬಂದಿತ್ತು. ಹೆಚ್ಚಿನವು ಕೆಲವೇ ಕ್ಷಣಗಳವು. ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ. ನಾನು ವೇಳೆಯನ್ನು ನೋಡಿದೆ. ಮೂರು ನಲವತ್ತು. ಐದು ಹತ್ತು. ನಾಲ್ಕು ಐವತ್ತೈದು. ಆರು ಇಪ್ಪತ್ತು. ಹನ್ನೊಂದೂ ಮಧ್ಯಾಹ್ನ ಮೂರೂವರೆಯಿಂದ ಸಂಜೆ ಆರೂವರೆಯ ಒಳಗೆ. ಬೆಳಿಗ್ಗೆ ಒಂದಿಲ್ಲ, ರಾತ್ರಿ ಒಂದಿಲ್ಲ.

ಹೃದಯದ ಹಳೆಯ ಗಾಯದಿಂದಲೇ ಹುಟ್ಟುವ ಓಟಕ್ಕೆ ಗಡಿಯಾರ ಗೊತ್ತಿರುವುದಿಲ್ಲ.

"ಚಾಚಿ, ಚಾಚಾರ ಬುಕ್ ಕೊಡ್ರಿ."

ಪಂಪ್ ಇರುವವರು ದಿನಾ ಪೆಟ್ಟಿಗೆಯ ಅಂಕಿಗಳನ್ನು ಬರೆದಿಡಬೇಕು. ಮಲ್ಲಿಕಸಾಬರು ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ, ಮೋಟರಿನ ರೀಡಿಂಗ್ ಬರೆಯುವ ದುಂಡು ಅಕ್ಷರದಲ್ಲಿ ಬರೆದಿದ್ದರು. ವೇಗ, ಹರಿವು, ತೂಕ. ಒಂದು ದಿನವೂ ತಪ್ಪಿಲ್ಲ. ಮೂರು ವಾರದ ಹಿಂದೆ ಸಂಜೆಯ ಹರಿವು ನಾಲ್ಕೂಕಾಲು. ಆಮೇಲೆ ಮೂರೂ ಮುಕ್ಕಾಲು. ಮೂರೂವರೆ. ಮೂರು. ಬೆಳಿಗ್ಗೆ ತುಸು ಏರುತ್ತದೆ, ಸಂಜೆ ಮತ್ತೆ ಬೀಳುತ್ತದೆ. ತೂಕ ಅರವತ್ತೊಂದರಿಂದ ಐವತ್ತೇಳೂವರೆ.

ಬೀಳಲು ತೊಡಗಿದ ತಾರೀಖನ್ನು ನೋಡಿದೆ. ರಂಜಾನಿನ ಚಂದ್ರ ಕಂಡ ಮಾರನೆಯ ದಿನ.

ಚಾಂದಬಿಯ ಚೀಲದ ಬಾಯಿ ತೆರೆದಿತ್ತು. ಒಳಗೆ ಸಣ್ಣ ಸ್ಟೀಲ್ ಡಬ್ಬಿ, ಪಕ್ಕದಲ್ಲಿ ತುಂಬಿದ ನೀರಿನ ಬಾಟಲಿ. ಡಬ್ಬಿಯಲ್ಲಿ ಏನಿದೆ ಎಂದು ನೋಡಬೇಕಾಗಿರಲಿಲ್ಲ. ಅಂಥದೇ ಒಂದು ನನ್ನ ಲಾಕರಿನಲ್ಲೂ ಇತ್ತು, ಸಂಜೆಗೆ. ಅವತ್ತು ನನ್ನದೂ ಹದಿನೇಳನೇ ರೋಜಾ.

"ಚಾಚಿ, ಚಾಚಾ ರೋಜಾ ಹಿಡದಾರೇನ್ರಿ?"

ಚಾಂದಬಿ ಗಂಡನ ಕಡೆ ನೋಡಿದರು. "ಅವರನ್ನ ಕೇಳವ್ವಾ."

"ಸುಮ್ನ ಕುಂದ್ರ ಬೇ ಅಂದ್ನೆಲ್ಲ."

"ನಾ ಏನಂದೆ? ಕೇಳು ಅಂದೆ ಅಷ್ಟ. ಹದಿನೇಳ ದಿನ ಬಾಯಿ ಮುಚಗೊಂಡ ಕುಂತೇನಿ. ಆಣಿ ಹಾಕಸ್ಯಾರ್ರಿ ನನ್ನ ಕಡಿಂದ."

ಸಿರಿಂಜ್ ಹಿಡಿದು ಬಂದ ಡಾಕ್ಟರ್ ಅಲ್ಲೇ ನಿಂತರು. "ಮೇಸ್ತ್ರಿ! ಉಪವಾಸ ಬ್ಯಾಡಂತ ಬೆಂಗಳೂರಾಗ ಹೇಳಿಲ್ಲೇನು?"

"ಹೇಳ್ಯಾರ್ರಿ."

"ಮತ್ತ?"

"ಮೋಟರಿಗೆ ಬೇಕಾಗೂದು ಕರೆಂಟ್ರಿ. ಬ್ಯಾಟರಿ ಎರಡೂ ಫುಲ್ ಅದಾವು. ನೀರು ಕುಡಿಯಾಂವ ನಾನು, ಮೋಟರ್ ಅಲ್ಲ. ನಾ ತಡಕೊಂಡ್ರ ಅದಕ್ಕೇನಾಗಬೇಕು?"

"ನೀರು ಇಳಸೋ ಗುಳಿಗಿ?" ಎಂದು ಕೇಳಿದೆ.

"ಅದನ್ನ ಒಂದ ದಿನಾನೂ ತಪ್ಪಸಿಲ್ಲ ಯವ್ವಾ. ನಸಕಿನ್ಯಾಗ ಸಹರಿ ಊಟ ಮುಗಿಸಿ ಬರೋಬ್ಬರಿ ನುಂಗತೀನಿ."

ಹೇಳುವಾಗ ಅವರ ದನಿಯಲ್ಲಿ ಶಿಸ್ತಿನ ಹೆಮ್ಮೆಯಿತ್ತು. ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು. ಹಗಲೆಲ್ಲ ಒಂದು ಗುಟುಕು ನೀರಿಲ್ಲ. ಮೇಲೆ ಮೈಯ ನೀರನ್ನು ಹೊರಹಾಕುವ ಗುಳಿಗೆ.

ಡಾಕ್ಟರ ಕೈಯಲ್ಲಿದ್ದ ಸಿರಿಂಜಿನಲ್ಲೂ ಅದೇ ಔಷಧವಿತ್ತು.

"ಸರ್, ಒಂದ ನಿಮಿಷ ತಡೀರಿ. ಎಕೋ ನೋಡೂಣು," ಎಂದೆ.

ಅವರು ತಡೆದರು. ನಾನು ಎದೆಗೆ ಜೆಲ್ ಹಚ್ಚಿ ನೋಡಿದೆ. ಹೃದಯದ ಬಲಗೋಣೆ ಊದಿರಲಿಲ್ಲ. ಸೋಲುತ್ತಿರುವ ಹೃದಯವಾಗಿದ್ದರೆ ಅದು ಊದಿ, ಕುತ್ತಿಗೆಯ ನರ ಉಬ್ಬಬೇಕಿತ್ತು. ಕುತ್ತಿಗೆ ಸಪಾಟಾಗಿತ್ತು. ಮೂರು ತಿಂಗಳ ಹಿಂದೆ ಕೊಡದಂತೆ ತುಂಬಿದ್ದ ಎಡಗೋಣೆ ಈಗ ಸೀಳಿನಷ್ಟು ಕಿರಿದಾಗಿತ್ತು. ಅದರ ಗೋಡೆ ಪಂಪಿನ ಬಾಯಿಗೆ ಹೋಗಿ ಅಂಟಿತ್ತು. ಎಳೆಯಲು ರಕ್ತ ಸಾಲದೆ ಪಂಪ್ ಗೋಡೆಯನ್ನೇ ಎಳೆಯುತ್ತಿತ್ತು. ಎಳೆತಕ್ಕೆ ಸಿಕ್ಕ ಗೋಡೆ ರೇಗಿ ಹೃದಯವನ್ನು ಓಡಿಸುತ್ತಿತ್ತು.

ಡಾಕ್ಟರ್ ಪರದೆಯನ್ನು ನೋಡುತ್ತಲೇ ಸಿರಿಂಜನ್ನು ಟ್ರೇಯಲ್ಲಿಟ್ಟರು. ಟ್ರೇಯನ್ನು ದೂರ ಸರಿಸಿದರು.

"ಸೌಭಾಗ್ಯ, ಸಲೈನ್ ಹಚ್ಚರಿ. ಅರ್ಧ ಲೀಟರ್, ಲಗೂನ."

ಮಲ್ಲಿಕಸಾಬ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡರು. "ಬರೇ ನೀರು ಬ್ಯಾಡ ಅಂದೀನ್ರಿ. ರೋಜಾ ಮುರೀತೈತಿ."

ಗಡಿಯಾರದಲ್ಲಿ ನಾಲ್ಕು ಐವತ್ತೆರಡು. ಹೊತ್ತು ಮುಳುಗಿ ರೋಜಾ ಬಿಡುವ ಮಗರಿಬ್ ಅಜಾನಿಗೆ ಇನ್ನೂ ಒಂದು ತಾಸು ನಲವತ್ತು ನಿಮಿಷ ಇತ್ತು.

"ಅಜಾನ್ ತನಕ ತಡೀರಿ. ಆಮ್ಯಾಲ ಬಾವಿನ ಕುಡೀತೀನಿ."

"ಮೇಸ್ತ್ರಿ, ಅಷ್ಟ ವೇಳೆ ಇಲ್ಲ ನಿಮಗ," ಎಂದರು ಡಾಕ್ಟರ್. ಅದೇ ಹೊತ್ತಿಗೆ ಸೊಂಟದ ಪೆಟ್ಟಿಗೆ ಕೂಗತೊಡಗಿತು. ಹರಿವು ಎರಡು ಪಾಯಿಂಟ್ ಮೂರು.

"ಜಡ್ಡಾದವರಿಗೆ ಮಾಫಿ ಐತ್ರಿ," ಎಂದರು ಚಾಂದಬಿ, ಅಳುತ್ತ. "ಮುಲ್ಲಾನೂ ಅದನ್ನ ಹೇಳ್ಯಾರ. ಇವರು ಕೇಳಿದ್ದು ಆ ದಾವಲಸಾಬನ ಮಾತು. ಅವನ ನಾಲಿಗಿಗೆ ಬೆಂಕಿ ಹಾಕ."

"ಯಾರು ದಾವಲಸಾಬ?"

"ಇವರ ಗೆಣೆಕಾರ. ದಿನಾ ಅಂಗಡಿ ಕಟ್ಟಿ ಮ್ಯಾಲ ಕುಂಡ್ರತಾನ. ರಂಜಾನ್ ಹಿಂದಿನ ದಿನ ನಾಕ ಮಂದಿ ಮುಂದ ಅಂದ, ಮಲ್ಲಿಕ್ಯಾಗೇನ ಚಿಂತಿ, ನಾಡಿ ಇಲ್ಲದ ಮನಶಾಗ ಯಾವ ರೋಜಾ, ಅಂವ ಅರ್ಧ ಸತ್ತಾನ ಅಂತ. ಎಲ್ಲಾರೂ ನಕ್ಕರು. ಇವರೂ ನಕ್ಕರು. ಮನಿಗೆ ಬಂದು ಸಹರಿಗೆ ಎಬ್ಬಸು ಅಂದ್ರು."

ಮಲ್ಲಿಕಸಾಬ ಹೆಂಡತಿಯ ಕಡೆ ತಿರುಗಿದರು. ಅವರ ತುಟಿ ಒಡೆದಿತ್ತು.

"ಖರೇನ ಐತಿ," ಎಂದರು. "ಜಡ್ಡಾದವರಿಗೆ ಮಾಫಿ ಐತಿ. ಸತ್ತವರಿಗೂ ಮಾಫಿ ಐತಿ. ಮಾಫಿ ತಗೊಂಡ ತಗೊಂಡ ನಾ ಯಾವ ಕಡೆ ಅದೀನಿ ಅನ್ನೂದ ತಿಳೀದಂಗ ಆಗೈತಿ. ಇನ್ನೊಂದ ತಾಸು ನಲವತ್ತ ನಿಮಿಷ. ಹಿಡದ ತೋರಸ್ತೀನಿ."

ಮಾತಾಡುವಾಗ ಪದಗಳು ಒಂದರ ಮೇಲೊಂದು ಬೀಳತೊಡಗಿದ್ದವು. ತಲೆಗೆ ರಕ್ತ ಕಡಿಮೆಯಾಗುತ್ತಿತ್ತು. ಎಚ್ಚರವಿರುವ ಮನುಷ್ಯ ಬೇಡ ಎಂದರೆ ಸೂಜಿ ಚುಚ್ಚುವಂತಿಲ್ಲ. ಎಚ್ಚರ ತಪ್ಪಿದ ಮೇಲೆ ಚುಚ್ಚಿದರೆ ತಡವಾಗುತ್ತದೆ.

ಧರ್ಮದ ಮಾತು ನನ್ನಿಂದ ಆಗುವುದಿಲ್ಲ. ಚಾಂದಬಿ ಹೇಳಿದ್ದಕ್ಕಿಂತ ಹೆಚ್ಚಿನದೇನೂ ನನಗೆ ಗೊತ್ತಿರಲಿಲ್ಲ. ನಾನು ಎಕೋ ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಚಾಚಾ, ಚಾಳೀಸು ಹಾಕ್ಕೋರಿ."

"ಯಾಕ?"

"ಒಂದ ಮೋಟರ್ ನೋಡೂದೈತಿ."

ಚಾಂದಬಿ ಗಂಡನ ಮೂಗಿಗೆ ಕನ್ನಡಕ ಏರಿಸಿದರು. ಅವರು ಮುಂದಕ್ಕೆ ಬಾಗಿದರು.

"ಇದು ಬಾವಿ," ಎಂದೆ, ಕಿರಿದಾದ ಕಪ್ಪು ಸೀಳನ್ನು ತೋರಿಸಿ. "ಇದು ಮೋಟರಿನ ಬಾಯಿ. ಇದು ಬಾವಿ ಗ್ವಾಡಿ."

"ಗ್ವಾಡಿ ಬಾಯಿಗೆ ಹತ್ತಗೊಂಡೈತಲ್ಲ."

"ಹೌದ್ರಿ."

"ನೀರೆಲ್ಲಿ?"

"ಇಲ್ಲ."

ಅವರು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಇನ್ನೂ ಹತ್ತಿರ ಬಾಗಿದರು. ಪರದೆಯ ಮೇಲೆ ಗೋಡೆ ಪಟಪಟ ನಡುಗುತ್ತಿತ್ತು.

"ನೀರು ಇಳದ ಬೋರಿನ್ಯಾಗ ಮೋಟರ್ ಓಡಿಸಿದ್ರ ರೈತಗ ನೀವ ಏನಂತೀರಿ ಚಾಚಾ?"

"ಬೈತೀನಿ!" ದನಿ ಒಮ್ಮೆಲೇ ಗಟ್ಟಿಯಾಯಿತು. "ಮೂವತ್ತ ವರ್ಷ ಆತು ಬಯ್ಯಾಕತ್ತು. ನೀರಿಲ್ಲದ ಬೋರಿಗೆ ಮೋಟರ್ ಹಚ್ಚಬ್ಯಾಡ್ರಲೇ, ಕೆಸರು ಎಳೀತೈತಿ, ಪೈಪ ಗಡಗಡ ನಡಗತೈತಿ, ಒಳಗ ಕಾಯಿಲ್ ಸುಡತೈತಿ ಅಂತ. ಕೇಳೂದಿಲ್ಲ ಮಕ್ಕಳು. ಇನ್ನೊಂದ ತಾಸು ಓಡಲಿ, ಈ ಸಾಲು ಮುಗೀಲಿ ಅಂತಾರ. ಸುಟ್ಟ ಮ್ಯಾಲ ತಂದು ನನ್ನ ಮುಂದ ಒಗೀತಾರ, ಮೇಸ್ತ್ರಿ ನಿನ್ನ ವೈಂಡಿಂಗ್..."

ಅಲ್ಲಿಗೆ ನಿಲ್ಲಿಸಿದರು.

ಪರದೆಯನ್ನು ನೋಡಿದರು. ಸೊಂಟದ ಪೆಟ್ಟಿಗೆಯನ್ನು ನೋಡಿದರು. ಅದು ಕೂಗುತ್ತಲೇ ಇತ್ತು. ಚಾಂದಬಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಇಸಿದುಕೊಂಡು ತುದಿಯನ್ನು ತಮ್ಮ ಎದೆಗೇ ಹಚ್ಚಿದರು. ಹಿಡಿಕೆಗೆ ಕಿವಿ ತಾಕಿಸಲು ಕುತ್ತಿಗೆ ಬಗ್ಗಲಿಲ್ಲ. ಅಂಗೈಯನ್ನು ಹಿಡಿಕೆಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಛೇ," ಎಂದರು. "ಖಾಲಿ ಓಡಾಕತ್ತೈತಿ."

ಸ್ಕ್ರೂಡ್ರೈವರನ್ನು ಮಡಿಲಲ್ಲಿಟ್ಟರು.

"ಹದಿನೇಳ ದಿನ. ನನ್ನ ಕೈಲೇ ರೀಡಿಂಗ್ ಬರದೀನಿ. ದಿನಾ ಇಳದದ್ದು ಬರದೀನಿ. ಬ್ಯಾರೆದವನಾಗಿದ್ರ ಕಪಾಳಕ್ಕ ಹೊಡೀತಿದ್ದೆ." ಆಮೇಲೆ ಸಣ್ಣ ದನಿಯಲ್ಲಿ, "ನೀರ ಕೊಡ ಬೇ."

ಚಾಂದಬಿ ತಿರುಗಿಸಿದರೂ ಬಾಟಲಿಯ ಮುಚ್ಚಳ ಬಿಚ್ಚಲಿಲ್ಲ. ನಾನು ತೆರೆದು ಕೊಟ್ಟೆ. ಅವರು ಬಿಸ್ಮಿಲ್ಲಾ ಎಂದು ಒಂದೇ ಉಸಿರಿಗೆ ಅರ್ಧ ಬಾಟಲಿ ಕುಡಿದರು. ಗಡಿಯಾರದಲ್ಲಿ ನಾಲ್ಕು ಐವತ್ತೆಂಟು. ತೋಳು ಚಾಚಿದರು. "ಹಚ್ಚ ಯವ್ವಾ ನಿನ್ನ ಬರೇ ನೀರು."

ಸೌಭಾಗ್ಯ ಸಲೈನ್ ಬಾಟಲಿಯನ್ನು ಕೈಯಿಂದ ಒತ್ತುತ್ತ ನಿಂತಳು. ನಾನು ಎಕೋ ಹಿಡಿದೇ ಇದ್ದೆ. ಡಾಕ್ಟರ್ ಪೆಟ್ಟಿಗೆಯ ಅಂಕಿ ಓದುತ್ತಿದ್ದರು. ಎರಡು ಪಾಯಿಂಟ್ ನಾಲ್ಕು. ಎರಡು ಪಾಯಿಂಟ್ ಏಳು. ಕೂಗು ನಿಂತಿತು. ಆಂಬುಲೆನ್ಸಿನವನು ಬಾಗಿಲಿಗೆ ಬಂದ. ತಡಿಯಪ್ಪಾ ಎಂದು ಡಾಕ್ಟರ್ ತಿರುಗದೆಯೇ ಕೈ ಮಾಡಿದರು. ಎರಡು ಪಾಯಿಂಟ್ ಒಂಬತ್ತು. ಮೂರು ಪಾಯಿಂಟ್ ಎರಡು.

ಐದು ಇಪ್ಪತ್ತಕ್ಕೆ ಗೋಡೆ ಪಂಪಿನ ಬಾಯಿ ಬಿಟ್ಟಿತು. ಮೊದಲು ಒಂದು ಎಳೆಯಷ್ಟು ಕಪ್ಪು ಕಂಡಿತು, ಆಮೇಲೆ ಬೆರಳಷ್ಟು. ಬಾವಿಗೆ ನೀರು ಬಂದಿತ್ತು.

ಓಟ ಮಾತ್ರ ನಿಂತಿರಲಿಲ್ಲ. ನೂರಾ ಎಂಬತ್ತೆರಡು.

"ಸರ್, ಈಗ ಇನ್ನೊಮ್ಮೆ ಎಂಟು ಬಡಿತ ಕೊಡ್ಲೇನ್ರಿ?"

"ಮೂರು ಸಲ ಕೇಳಿಲ್ಲಲ್ಲ ಅದು."

"ಆಗ ಗ್ವಾಡಿ ಸಿಕ್ಕೊಂಡಿತ್ರಿ. ಈಗ ಬಿಟ್ಟೈತಿ."

ಡಾಕ್ಟರ್ ಒಂದು ಕ್ಷಣ ನನ್ನನ್ನು ನೋಡಿದರು. "ಕೊಡ್ರಿ," ಎಂದರು.

ಅಂಕಿಗಳನ್ನು ಹೊಂದಿಸಿದೆ. ಬಟನ್ ಒತ್ತಿದೆ.

ಎಂಟು ಗೆರೆಗಳು ಸಾಲಾಗಿ ಹೋದವು. ಆಮೇಲೆ ಏನೂ ಇಲ್ಲ. ಪರದೆಯ ಮೇಲೆ ಸಪಾಟು ಗೆರೆ. ಅದರ ಉದ್ದ ಒಂದೂವರೆ ಸೆಕೆಂಡು ಎಂದು ಆಮೇಲೆ ಕಾಗದದ ಮೇಲೆ ಅಳೆದೆ. ಆಗ ಅದು ಬಬಲೇಶ್ವರದ ತನಕ ಇತ್ತು.

ಒಂದು ಬಡಿತ ಬಂತು. ಸಪೂರ ಗೆರೆ. ತಡೆದು ಇನ್ನೊಂದು. ಮತ್ತೊಂದು. ಎಪ್ಪತ್ತಾರು. ಎಪ್ಪತ್ತೆಂಟು. ಎಪ್ಪತ್ತಾರು.

"ಅಯ್ಯ ಶಿವನ!" ಎಂದಳು ಸೌಭಾಗ್ಯ. ಡಾಕ್ಟರ್ ಚೇತನಕುಮಾರ ಅಂಗೈಯಿಂದ ಟೇಬಲ್ಲಿಗೆ ಹೊಡೆದರು. ಟ್ರೇಯಲ್ಲಿದ್ದ ಸಿರಿಂಜ್ ಹಾರಿ ಕೆಳಗೆ ಬಿತ್ತು. ಪಕ್ಕದ ಮಂಚದ ಅಜ್ಜಿ ಎದ್ದು ಕೂತು ಯಾಕಪ್ಪಾ ಏನಾತು ಎಂದು ಕೇಳಿದರು.

"ಆತೇನು?" ಎಂದರು ಮಲ್ಲಿಕಸಾಬ, ಕಣ್ಣು ಮುಚ್ಚಿಕೊಂಡೇ. ಏಳನೇ ಒದೆತಕ್ಕಾಗಿ ಹಲ್ಲು ಕಚ್ಚಿ ಕಾಯುತ್ತಿದ್ದರು.

"ಆತ್ರಿ ಚಾಚಾ."

"ಒದೀಲೇ ಇಲ್ಲಲ್ಲ?"

"ಬೇಕಾಗಲಿಲ್ಲ."

ಅವರು ಒಂದು ಕಣ್ಣು ತೆರೆದರು. "ಬೆಣ್ಯಾಗಿನ ಕೂದಲ ತಗದಂಗ ತಗದಿ. ನನ್ನ ಅಂಗಡ್ಯಾಗ ಕೆಲಸಕ್ಕ ಬರ್ತಿಯೇನು?"

ನಾನು ನಕ್ಕೆ. ಸದ್ದು ಹೊರಗೆ ಬಂತು. ಸೌಭಾಗ್ಯ ತಿರುಗಿ ನೋಡಿದಳು.

ಡಾಕ್ಟರ್ ಬೆಂಗಳೂರಿಗೆ ಮತ್ತೆ ಫೋನ್ ಮಾಡಿದರು. ಎಲ್ಲರಿಗೂ ಕೇಳುವಂತೆಯೇ ಮಾತಾಡಿದರು. "ಓಟ ನಿಂತಿದೆ ಸರ್. ನೀರು ಕಡಿಮೆಯಾಗಿ ಪಂಪ್ ಗೋಡೆಯನ್ನು ಎಳೆಯುತ್ತಿತ್ತು. ನಾನು ನೀರು ಇಳಿಸುವ ಇಂಜೆಕ್ಷನ್ ಕೈಯಲ್ಲಿ ಹಿಡಿದಿದ್ದೆ. ನಮ್ಮ ತರನ್ನುಮ ಅವರು ತಡೆದರು." ಅತ್ತಲಿಂದ ಏನೋ ಕೇಳಿದರು. "ಇಲ್ಲ ಸರ್, ಡಾಕ್ಟರ್ ಅಲ್ಲ. ಟೆಕ್ನಿಷಿಯನ್," ಎಂದರು. ಹಾಗೆ ಹೇಳುವಾಗ ಅವರ ದನಿ ಇಳಿಯಲಿಲ್ಲ. ಇವತ್ತೇ ಬರುವುದು ಬೇಡ, ಚೇತರಿಸಿಕೊಂಡು ಮುಂದಿನ ವಾರ ಬಂದರೆ ಪಂಪಿನ ವೇಗ ನೋಡಿ ಹೊಂದಿಸೋಣ ಎಂದು ಬೆಂಗಳೂರಿನವರು ಹೇಳಿದರು. ಆಂಬುಲೆನ್ಸ್ ಹೋಯಿತು.

ಚಾಂದಬಿ ಗಂಡನ ಎದೆಗೆ ಸ್ಕ್ರೂಡ್ರೈವರ್ ಹಚ್ಚಿ ಹಿಡಿಕೆಗೆ ಕಿವಿ ಕೊಟ್ಟರು. ಬಹಳ ಹೊತ್ತು ಕೇಳಿದರು.

"ಗುಂಯ್ ಅಂತೈತಿ," ಎಂದರು. ಆಮೇಲೆ ಗಂಡನ ತೋಳಿಗೆ ಒಂದು ಏಟು ಹಾಕಿದರು. "ಎರಡ ದಿನದ ಮೇಸ್ತ್ರಿ ಅಂದ್ಯಲ್ಲ?"

"ತಪ್ಪಾತು ಮೇಸ್ತ್ರಿ," ಎಂದರು ಮಲ್ಲಿಕಸಾಬ.

ಆರು ಗಂಟೆಗೆ ಸೌಭಾಗ್ಯ ಎಲ್ಲ ಮಂಚಗಳ ನಾಡಿ ನೋಡುತ್ತ ಬಂದಳು. ಅಭ್ಯಾಸಬಲದಿಂದ ಮಲ್ಲಿಕಸಾಬರ ಕೈಯನ್ನೂ ಹಿಡಿದಳು. ಹಿಡಿದವಳು ಹಾಗೇ ನಿಂತಳು.

"ಅಕ್ಕಾ. ಇಲ್ಲಿ ಬಾ."

ನಾನು ಹೋಗಿ ಹಿಡಿದೆ. ಮೊದಲು ಏನೂ ಇರಲಿಲ್ಲ. ಬೆರಳನ್ನು ಹಗುರ ಮಾಡಿದೆ. ಇತ್ತು. ತೆಳ್ಳಗೆ, ಬಟ್ಟೆಯ ಆಚೆಯಿಂದ ಯಾರೋ ತಟ್ಟಿದಂತೆ. ಕೋಣೆ ತುಂಬಿ, ಲಯ ಸರಿಯಾಗಿ, ಪಂಪಿನ ಜೊತೆಗೆ ಹೃದಯವೂ ತನ್ನ ಪಾಲಿಗೆ ಒಂದಿಷ್ಟು ತಳ್ಳುತ್ತಿತ್ತು. ಪಂಪ್ ಇದ್ದವರಲ್ಲಿ ಕೆಲವರಿಗೆ ಹೀಗಾಗುತ್ತದೆ. ಓದಿದ್ದೆ. ಮುಟ್ಟಿರಲಿಲ್ಲ.

ಹದಿನೈದು ಸೆಕೆಂಡು ಎಣಿಸಿದರೆ ಸಾಕಿತ್ತು. ನಾನು ಪೂರಾ ಒಂದು ನಿಮಿಷ ಎಣಿಸಿದೆ. ಎಪ್ಪತ್ತಾರು. ಮತ್ತೊಂದು ನಿಮಿಷ ಎಣಿಸಿದೆ.

"ಏನಾತ ಯವ್ವಾ?"

"ನಾಡಿ ಬಂದೈತ್ರಿ ಚಾಚಾ."

ಅವರು ನನ್ನ ಮುಖ ನೋಡಿದರು, ತಮ್ಮ ಕೈ ನೋಡಿದರು. ಇನ್ನೊಂದು ಕೈಯ ಬೆರಳಿಟ್ಟು ಹುಡುಕಿದರು. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದ ಬೆರಳುಗಳು. ಸಿಕ್ಕಿತು. ಗಡ್ಡ ಒದ್ದೆಯಾಯಿತು.

"ಫೋನ್ ತಾ ಬೇ," ಎಂದರು ಆಮೇಲೆ. "ದಾವಲ್ಯಾಗ ಹಚ್ಚು."

ಸಿದ್ಧೇಶ್ವರ ಗುಡಿಯ ಕಡೆಯಿಂದ ಗಂಟೆ ಕೇಳಿ ಸ್ವಲ್ಪ ಹೊತ್ತಿಗೆ ಅಜಾನ್ ಕೇಳಿತು. ಚಾಂದಬಿ ಸ್ಟೀಲ್ ಡಬ್ಬಿ ತೆಗೆದರು. ಮೊದಲ ಖಜೂರವನ್ನು ಗಂಡನಿಗೆ ಕೊಡಲಿಲ್ಲ, ತಾವೂ ತಿನ್ನಲಿಲ್ಲ. ನನ್ನ ಕೈಯಲ್ಲಿಟ್ಟರು.

"ನೀನೂ ನಸಕಿನಿಂದ ಹಂಗ ನಿಂತೀಯಲ್ಲ ಮಗಳ. ತಿನ್ನು."

ತಿಂದೆ. ಹದಿನಾರು ದಿನವೂ ಖಜೂರ ತಿಂದೇ ರೋಜಾ ಬಿಟ್ಟಿದ್ದೆ. ಅದು ಸಿಹಿ ಎಂದು ಅವತ್ತು ಗೊತ್ತಾಯಿತು. ಬಬಲೇಶ್ವರದಿಂದ ಅತ್ತೆ ಸುರೈಯಾ, ಆಫ್ತಾಬರ ತಾಯಿ, ಫೋನ್ ಮಾಡಿದರು. ದಿನಾ ಈ ಹೊತ್ತಿಗೆ ಮಾಡುತ್ತಾರೆ, ನಾನು ಹಾಂ, ಹೂಂ ಎನ್ನುತ್ತೇನೆ. ಅವತ್ತು ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದು ಮಾತೂ ನಡುವೆ ಬರದೆ ಕೇಳಿದರು. "ನೀ ಒತ್ತಿದ್ಯಾ ಬಟನ್ನು? ನೀನ?" ಎಂದು ಎರಡು ಸಲ ಕೇಳಿದರು. ಹೌದು ಎಂದೆ, ಎರಡು ಸಲವೂ.

ಏಳೂವರೆಗೆ ದಾವಲಸಾಬರು ಬಂದರು. ಎತ್ತರದ ಮುದುಕ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದರು. ಬಸ್ಸಿನಲ್ಲೇ ರೋಜಾ ಬಿಟ್ಟಿದ್ದರಂತೆ. ಚಾಂದಬಿ ಮುಖ ತಿರುಗಿಸಿದರು.

"ಮಲ್ಲಿಕ್ಯಾ, ನಾ ಚಾಷ್ಟಿಗೆ ಅಂದಿದ್ನೋ. ನನ್ನ ಬಾಯಿಗೆ ಹುಳಾ ಬೀಳಲಿ. ನೀ ಹಿಂಗ..."

"ಅಳಬ್ಯಾಡಲೇ, ಮಂದಿ ನೋಡಾಕತ್ತಾರ. ರೋಜಾ ಹಿಡಿಯಾಕ ಆಗದಾಂವ ದಿನಕ್ಕೊಬ್ಬ ಬಡವಗ ಉಣಸಬೇಕಂತ. ಈದ್ ತನಕ ದಿನಾ ನಮ್ಮನಿಗೆ ಉಣ್ಣಾಕ ಬಾ."

"ನಾ ಯಾವ ಬಡವ? ನಾಕ ಎಕರೆ ದ್ರಾಕ್ಷಿ ಐತಿ ನಂದು."

"ತಲಿಯಾಗಿಂದು ಹೇಳಾಕತ್ತೀನಿ. ಅದರಾಗ ನಿನ್ನಂಥ ಬಡವ ತಿಕೋಟಾದಾಗ ಇನ್ನೊಬ್ಬ ಇಲ್ಲ."

ಚಾಂದಬಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಮಲ್ಲಿಕಸಾಬ ಬಲಗೈಯನ್ನು ಮುಂದೆ ಚಾಚಿದರು.

"ಹಿಡಿ."

ದಾವಲಸಾಬರು ಹಿಡಿದರು. ಎಲ್ಲಿ ಒತ್ತಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ನಾನು ಅವರ ಬೆರಳನ್ನು ಸರಿಯಾದ ಜಾಗಕ್ಕೆ ಸರಿಸಿ, ಹಗುರ ಹಿಡೀರಿ ಎಂದೆ. ಅವರು ಉಸಿರು ಬಿಗಿಹಿಡಿದು, ತಲೆ ಒಂದು ಕಡೆ ವಾಲಿಸಿ ನಿಂತರು.

"ಸಿಕ್ತೇನ್ಲೇ?"

"ತಡಿ."

"ಸಿಕ್ತೇನ್ಲೇ ದಾವಲ್ಯಾ?"

"ತಡಿಯೋ ಮಾರಾಯ. ಎಣಸಾಕತ್ತೀನಿ."